ಕಡಲಾಳದ ತೈಲ: ಒಬ್ಬ ಲೇಖಕರಿಗೆ ಸಂಪಾದಕರ ಉತ್ತರ

ಪ್ರಿಯರೇ,

ನ್ಯೂಜಿಲೆಂಡಿನ ಆಳಸಮುದ್ರದಲ್ಲಿ ತೈಲ ಹುಡುಕಲು ಬಂದ ವಿದೇಶಿ ಕಂಪನಿಗಳ ಕುರಿತ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ನಿಮ್ಮ ಕಳಕಳಿ ನಿಜವಾದದ್ದಾದ್ದರಿಂದ ಕಾರಣಗಳನ್ನು ಬಿಡಿಸಿ ಹೇಳುತ್ತೇನೆ.

ಲಾಭಕೋರ ಪರದೇಶಿ ಖಾಸಗಿ ಕಂಪನಿಗಳು ಇನ್ನೊಬ್ಬರ ಕಡಲನ್ನು ದೋಚುತ್ತವೆ ಎಂಬ ಒಂದೇ ಮಾತಿನ ಮೇಲೆ ನಿಮ್ಮ ವಾದವೆಲ್ಲ ನಿಂತಿದೆ. ಆದರೆ 2010ರಲ್ಲಿ ನ್ಯೂಜಿಲೆಂಡಿನ ಪೂರ್ವ ಕರಾವಳಿಯ ರೌಕುಮಾರ ಪ್ರದೇಶದ ಕಡಲಿನಲ್ಲಿ ಶೋಧದ ಪರವಾನಗಿ ಪಡೆದ ಪೆಟ್ರೊಬ್ರಾಸ್ ಖಾಸಗಿಯವರ ಹಿಡಿತದಲ್ಲಿರುವ ಕಂಪನಿಯಲ್ಲ. ಅದರ ಮತಾಧಿಕಾರವುಳ್ಳ ಷೇರುಗಳಲ್ಲಿ ಹೆಚ್ಚಿನವು ಬ್ರೆಜಿಲ್ ಸರ್ಕಾರದ ಕೈಯಲ್ಲಿವೆ. ನೀವೇ ಉದಾಹರಿಸಿರುವ, 2010ರ ತೈಲ ಸೋರಿಕೆಯ ದುರಂತ ನಡೆದ ಮೆಕ್ಸಿಕೊ ಕೊಲ್ಲಿಯ ಮಕೊಂಡೊ ಬಾವಿಯಲ್ಲಿ ಬ್ರಿಟನ್ನಿನ ತೈಲ ಕಂಪನಿ ಬಿಪಿಗೆ ಶೇ. 65 ಪಾಲಿದ್ದರೆ, ಅಮೆರಿಕದ್ದೇ ಆದ ಅನಾಡಾರ್ಕೊಗೆ ಶೇ. 25 ಪಾಲಿತ್ತು, ಬಾವಿಯನ್ನು ಭದ್ರಪಡಿಸುವ ಸಿಮೆಂಟ್ ಕೆಲಸ ಅಮೆರಿಕದ ಹ್ಯಾಲಿಬರ್ಟನ್ನಿನದು, ಪರವಾನಗಿ, ತಪಾಸಣೆಗಳೆಲ್ಲ ಅಮೆರಿಕ ಸರ್ಕಾರದವು. ಅಲ್ಲಿನ ಅಧ್ಯಕ್ಷರು ನೇಮಿಸಿದ ಆಯೋಗ 2011ರ ವರದಿಯಲ್ಲಿ ಕಂಪನಿಗಳ ಜೊತೆಗೆ ಸರ್ಕಾರದ ಮೇಲ್ವಿಚಾರಣೆಯ ಲೋಪವನ್ನೂ ಎತ್ತಿ ತೋರಿಸಿತು. ಹೊರಗಿನವರೆಂಬ ಕಾರಣಕ್ಕೆ ಕಂಪನಿಯನ್ನು ದೂರಿದರೆ, ಪರವಾನಗಿ ಕೊಟ್ಟ ಸ್ವಂತ ಸರ್ಕಾರ ಓದುಗರ ಕಣ್ಣಿನಿಂದ ತಪ್ಪಿಸಿಕೊಳ್ಳುತ್ತದೆ.

ಆ ದುರಂತವನ್ನು ನೀವು ‘ಭೀಕರ’, ‘ಘೋರ’, ‘ಹೃದಯವಿದ್ರಾವಕ’ ಎಂದು ಬಣ್ಣಿಸಿ ಮುಂದೆ ಸಾಗಿದ್ದೀರಿ. ವಿಶೇಷಣಗಳನ್ನೆಲ್ಲ ತೆಗೆದು ನಡೆದದ್ದನ್ನು ಬರೆಯಿರಿ. 2010ರ ಏಪ್ರಿಲ್ 20ರ ರಾತ್ರಿ ಬಾವಿಯಿಂದ ಉಕ್ಕಿಬಂದ ಅನಿಲಕ್ಕೆ ಬೆಂಕಿ ಹತ್ತಿ ಡೀಪ್‌ವಾಟರ್ ಹೊರೈಜನ್ ಎಂಬ ಬಾವಿ ಕೊರೆಯುವ ರಿಗ್‌ನಲ್ಲಿದ್ದ 11 ಕೆಲಸಗಾರರು ಸತ್ತರು. ಇಂಥ ಹೊತ್ತಿನಲ್ಲಿ ಕೊಳವೆಯನ್ನು ಕತ್ತರಿಸಿ ಬಾವಿಯ ಬಾಯಿ ಮುಚ್ಚಬೇಕಾದ ಬ್ಲೋಔಟ್ ಪ್ರಿವೆಂಟರ್ ಎಂಬ ಯಂತ್ರ ಆ ಕೆಲಸ ಮಾಡಲಿಲ್ಲ. ಬಾವಿಯ ಬಾಯಿ ಇದ್ದದ್ದು ಸುಮಾರು 1,500 ಮೀಟರ್ ನೀರಿನ ಕೆಳಗೆ. ಮುಳುಗುಗಾರರು ಇಳಿಯಲಾರದ ಆ ಆಳದಲ್ಲಿ ಪ್ರತಿಯೊಂದು ಕೆಲಸವನ್ನೂ ಮೇಲಿನಿಂದ ನಿಯಂತ್ರಿಸುವ ಯಂತ್ರಗಳ ಮೂಲಕವೇ ಮಾಡಬೇಕಾಗಿದ್ದರಿಂದ ಮತ್ತು ಒಂದಾದ ಮೇಲೊಂದು ಪ್ರಯತ್ನ ವಿಫಲವಾದದ್ದರಿಂದ ತೈಲ 87 ದಿನ ಹರಿಯಿತು. 2013ರ ಕೊನೆಯಲ್ಲಿ ನ್ಯೂಜಿಲೆಂಡಿನ ರಾಗ್ಲನ್ ಕರಾವಳಿಯಾಚೆ, ಹೆಚ್ಚುಕಡಿಮೆ ಅಷ್ಟೇ ಆಳದ ನೀರಿನಲ್ಲಿ ಬಾವಿ ಕೊರೆಯತೊಡಗಿದ್ದು ಅದೇ ಅನಾಡಾರ್ಕೊ. ನಿಮ್ಮ ಲೇಖನದಲ್ಲಿ ಇರಲೇಬೇಕಾಗಿದ್ದ ಈ ವಾಕ್ಯ ಎಲ್ಲಿಯೂ ಇಲ್ಲ.

ನನ್ನ ಮುಖ್ಯ ಆಕ್ಷೇಪ ಬೇರೆ. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳಲ್ಲಿ ಟೆ ಫಾನೌ-ಆ-ಅಪನುಯಿ ಎಂಬ ಸಮುದಾಯವನ್ನು ನೀವು ‘ಮುಗ್ಧ ಬುಡಕಟ್ಟು ಜನ’ ಎಂದಿದ್ದೀರಿ. 2011ರಲ್ಲಿ ತಮ್ಮ ಮೀನುಗಾರಿಕೆ ದೋಣಿಯನ್ನು ಪೆಟ್ರೊಬ್ರಾಸ್‌ನ ಸಮೀಕ್ಷಾ ಹಡಗಿನ ದಾರಿಗೆ ಒಯ್ದವರು, ನೌಕಾಪಡೆ ಬಂದರೂ ಹಿಂಜರಿಯದವರು, ಪರಿಸರ ಸಂಘಟನೆ ಗ್ರೀನ್‌ಪೀಸ್ ಜೊತೆಗೂಡಿ ಪರವಾನಗಿಯನ್ನೇ ನ್ಯಾಯಾಲಯದಲ್ಲಿ ಪ್ರಶ್ನಿಸಿದವರು ಅವರು. 2012ರಲ್ಲಿ ಅವರು ಮೊಕದ್ದಮೆ ಸೋತರು. ಆದರೂ ಅದೇ ವರ್ಷದ ಕೊನೆಗೆ ಪೆಟ್ರೊಬ್ರಾಸ್ ಪರವಾನಗಿಯನ್ನು ಮರಳಿಸಿತು. ಮರುವರ್ಷ ಸರ್ಕಾರವು ಕಡಲಿನ ತೈಲ ಕಾರ್ಯಾಚರಣೆಗಳ ಸುತ್ತ 500 ಮೀಟರುಗಳವರೆಗೆ ಪ್ರತಿಭಟನಕಾರರು ಬಾರದಂತೆ ತಡೆಯುವ ಕಾನೂನು ತಂದಿತು. ತಮ್ಮ ಕಡಲಿನ ಮೇಲೆ ತಮಗಿರುವ ಹಕ್ಕನ್ನು ಅರಿತು ಹೋರಾಡಿದವರ ಮೇಲೆ ಮರುಕದ ಮುಸುಕು ಹಾಕಬೇಡಿ.

ಎದುರು ಪಕ್ಷದ ವಾದಕ್ಕೂ ನಿಮ್ಮಲ್ಲಿ ಜಾಗವಿಲ್ಲ. ನ್ಯೂಜಿಲೆಂಡಿನ ತರನಾಕಿ ಪ್ರಾಂತದಲ್ಲಿ ದಶಕಗಳಿಂದ ತೈಲ ಮತ್ತು ಅನಿಲದ ಉದ್ಯಮವನ್ನೇ ನಂಬಿದ ಕುಟುಂಬಗಳಿವೆ. 2018ರಲ್ಲಿ ಅಂದಿನ ಪ್ರಧಾನಿ ಜೆಸಿಂಡಾ ಆರ್ಡರ್ನ್ ಅವರ ಸರ್ಕಾರ ಕಡಲಿನಲ್ಲಿ ಹೊಸ ಶೋಧ ಪರವಾನಗಿಗಳನ್ನು ನಿಲ್ಲಿಸಿದ್ದಷ್ಟನ್ನೇ ಹೇಳಿ ನೀವು ಗೆಲುವಿನ ದನಿಯಲ್ಲಿ ಮುಗಿಸಿದ್ದೀರಿ. ಅನಿಲದ ಕೊರತೆಯನ್ನು ಮುಂದಿಟ್ಟು 2025ರಲ್ಲಿ ಅಲ್ಲಿನ ಸಂಸತ್ತು ಆ ನಿಷೇಧವನ್ನು ತೆಗೆದುಹಾಕಿದೆ. ಅದನ್ನು ಸೇರಿಸಿದರೆ ನಿಮ್ಮ ಕೊನೆಯ ಪುಟವನ್ನು ಪೂರ್ತಿ ಹೊಸದಾಗಿ ಬರೆಯಬೇಕಾಗುತ್ತದೆ. ಹಾಗೆ ಬರೆದು ಕಳುಹಿಸಿ, ಮತ್ತೆ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ