ಕಬಡ್ಡಿ ಆಟಗಾರನ ಅಕಿಲಿಸ್ ಟೆಂಡನ್ ಹರಿದರೆ ಸಣ್ಣ ಗಾಯದ ಆಪರೇಷನ್ನೋ, ತೆರೆದ ಆಪರೇಷನ್ನೋ?

ಯಾದಗಿರಿಯಲ್ಲಿ ಕಬಡ್ಡಿ ಆಡುವಾಗ ನಿಮ್ಮ ತಮ್ಮನ ಅಕಿಲಿಸ್ ಟೆಂಡನ್ (ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕೂಡಿಸುವ ದಪ್ಪ ಪಟ್ಟಿ) ಪೂರ್ತಿ ಹರಿದು ಐದು ದಿನವಾಗಿದೆ. ತೆರೆದು ಹೊಲಿಯಬೇಕು ಅಂತ ಕಲಬುರಗಿಯ ಡಾಕ್ಟರು, ಸಣ್ಣ ಗಾಯದಲ್ಲೇ ಮುಗಿಸ್ತೀವಿ ಅಂತ ಹೈದರಾಬಾದಿನವರು. ಬೇಗ ಆಟಕ್ಕೆ ಮರಳಲು ಯಾವುದು ಮೇಲು ಅಂತ ಕೇಳಿದ್ದೀರಿ.

ಬೇಗ ಮರಳುವ ಲೆಕ್ಕದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಚರ್ಮದ ಮೇಲಿನ ಗಾಯ ಎಷ್ಟೇ ಸಣ್ಣದಿದ್ದರೂ ಒಳಗಿನ ಟೆಂಡನ್ ಕೂಡಲು ಅಷ್ಟೇ ದಿನ ಬೇಕು. ನಾರ್ವೆಯಲ್ಲಿ 526 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷದ ನಂತರ ಎರಡೂ ಗುಂಪಿನವರ ಕಾಲಿನ ಸ್ಥಿತಿ ಹೆಚ್ಚುಕಡಿಮೆ ಒಂದೇ ಇತ್ತು. ಮತ್ತೆ ಹರಿದದ್ದು ಎರಡರಲ್ಲೂ ಶೇ. 0.6, ಆಪರೇಷನ್ನೇ ಮಾಡದವರಲ್ಲಿ ಶೇ. 6.2. ನರಕ್ಕೆ ಪೆಟ್ಟಾದದ್ದು ಮಾತ್ರ ತೆರೆದದ್ದರಲ್ಲಿ ಶೇ. 2.8, ಸಣ್ಣ ಗಾಯದಲ್ಲಿ ಶೇ. 5.2.

ಕಾರಣ ಪಾದದ ಹೊರ ಅಂಚಿಗೆ ಸ್ಪರ್ಶಜ್ಞಾನ ಕೊಡುವ ಸೂರಲ್ ನರ. ಹಿಮ್ಮಡಿ ಮೂಳೆಯಿಂದ ಸುಮಾರು 10 ಸೆಂ.ಮೀ. ಮೇಲೆ ಅದು ಟೆಂಡನ್ನಿನ ಹೊರ ಅಂಚನ್ನು ದಾಟುತ್ತದೆ. ಸಣ್ಣ ಗಾಯದ ವಿಧಾನದಲ್ಲಿ ಹರಿದ ಜಾಗದಲ್ಲಿ 2–3 ಸೆಂ.ಮೀ. ಕೊಯ್ದು, ಕವಲಿನಂಥ ಒಂದು ಜಿಗ್ (ಸೂಜಿಗೆ ದಾರಿ ತೋರುವ ಸಾಧನ) ಅನ್ನು ಟೆಂಡನ್ನಿನ ಪೊರೆಯೊಳಗೆ ತೂರಿಸಿ, ಚರ್ಮದ ಹೊರಗಿನಿಂದ ಸೂಜಿ ಹಾಯಿಸುತ್ತಾರೆ. ಜಿಗ್ ಹೊರಗೆಳೆದಾಗ ದಾರಗಳು ಪೊರೆಯೊಳಗೆ ಬಂದು ಕೂರುತ್ತವೆ. ಜಿಗ್ ಪೊರೆಯ ಹೊರಗೆ ಹೋದರೆ ದಾರದ ಜೊತೆ ನರವೂ ಸಿಕ್ಕಿಕೊಂಡು, ಪಾದದ ಹೊರ ಅಂಚು, ಕಿರುಬೆರಳು ಜೋಮು ಹಿಡಿಯುತ್ತವೆ, ಉರಿಯುತ್ತವೆ.

ತೆರೆದದ್ದರಲ್ಲಿ 8–10 ಸೆಂ.ಮೀ. ಕೊಯ್ಯುವುದರಿಂದ ಎರಡೂ ತುದಿ ಕಣ್ಣೆದುರೇ ಇರುತ್ತವೆ, ಹೊಲಿಗೆ ಗಟ್ಟಿ. ಆದರೆ ಅಲ್ಲಿಯ ಚರ್ಮ ತೆಳು, ರಕ್ತ ಸಂಚಾರ ಕಡಿಮೆ. ಗಾಯ ಬಿಚ್ಚಿಕೊಳ್ಳುವುದು, ಕೀವಾಗುವುದು ಇದರಲ್ಲೇ ಜಾಸ್ತಿ. ತಮ್ಮ ಬೀಡಿ, ಸಿಗರೇಟು, ಗುಟ್ಕಾ ಹಾಕುತ್ತಿದ್ದರೆ ಇವತ್ತೇ ಬಿಡಿಸ್ರಿ, ಡಾಕ್ಟರಿಗೂ ಮುಚ್ಚಿಡದೆ ಹೇಳ್ರಿ.

ಐದು ದಿನ ಅಂದರೆ ಎರಡೂ ದಾರಿ ತೆರೆದಿವೆ. ಎರಡು ವಾರ ದಾಟಿದರೆ ತುದಿಗಳು ಮೇಲೆ ಸರಿದು ಅಂಟಿಕೊಳ್ಳತೊಡಗುತ್ತವೆ, ಸಣ್ಣ ಗಾಯದಲ್ಲಿ ಎಳೆದು ಕೂಡಿಸುವುದು ಕಷ್ಟ. ತಿಂಗಳು ಕಳೆದರೆ ಕಾಲಿನ ಹೆಬ್ಬೆರಳಿನ ಟೆಂಡನ್ ತಂದು ಜೋಡಿಸುವ ದೊಡ್ಡ ಆಪರೇಷನ್ನೇ ಬೇಕಾಗಬಹುದು. ನಮ್ಮ ಕಡೆ ಕೇಸು ಕೆಡುವುದು ಹೆಚ್ಚಾಗಿ ಇಲ್ಲೇ: ಉಳುಕು ಅಂತ ಎಣ್ಣೆ ತಿಕ್ಕಿಸುತ್ತಾ ವಾರಗಟ್ಟಲೆ ಕೂರುತ್ತಾರೆ. ಮೂಳೆಗೆ ಅಂಟಿದಲ್ಲೇ ಕಿತ್ತು ಬಂದಿದ್ದರೆ ಕತೆಯೇ ಬೇರೆ, ಮೂಳೆಗೇ ಆಂಕರ್ (ದಾರ ಕಟ್ಟಿದ ಸಣ್ಣ ಮೊಳೆ) ಹಾಕಬೇಕು.

ಹಾಗಾಗಿ ಊರು ಯಾವುದು ಅನ್ನುವುದಕ್ಕಿಂತ, ಆ ವಿಧಾನ ಸರ್ಜನ್ನರ ಕೈಗೆ ಎಷ್ಟು ಪಳಗಿದೆ ಅಂತ ಕೇಳ್ರಿ. ಅಪರೂಪಕ್ಕೆ ಜಿಗ್ ಹಿಡಿಯುವವರಿಗಿಂತ ದಿನವೂ ತೆರೆದು ಹೊಲಿಯುವವರು ವಾಸಿ. ಹೊಲಿಯುವಾಗ ಇನ್ನೊಂದು ಪಾದವನ್ನೂ ಎದುರಿಗಿಟ್ಟುಕೊಂಡು ಬಿಗಿ ಹೋಲಿಸಿ ನೋಡುತ್ತೀರಾ ಅಂತಲೂ ಕೇಳ್ರಿ. ಟೆಂಡನ್ ತುಸು ಉದ್ದವಾಗಿ ಕೂಡಿತೆಂದರೆ ಗಾಯ ಚೆಂದ ಮಾಯ್ದರೂ ರೈಡ್‌ನಲ್ಲಿ ಜಿಗಿಯುವ ಕಸುವು ಹೋಗುತ್ತದೆ. ನನ್ನ ಪ್ರಕಾರ ಆಟಗಾರನಿಗೆ ಎಲ್ಲಕ್ಕಿಂತ ದೊಡ್ಡ ನಷ್ಟ ಇದೇ.

ಆ ಉದ್ದ ಮನೆಯಲ್ಲೂ ಕೆಡುತ್ತದೆ. ಮೊದಲ ಎರಡು ವಾರ ಪಾದದ ತುದಿ ಕೆಳಗೆ ಬಾಗಿದ ಸ್ಪ್ಲಿಂಟ್, ಆಮೇಲೆ ಹಿಮ್ಮಡಿ ಕೆಳಗೆ ಬಿಲ್ಲೆ ಇಟ್ಟ ಬೂಟ್. ಆರರಿಂದ ಎಂಟು ವಾರದ ತನಕ ಒಂದೊಂದೇ ಬಿಲ್ಲೆ ತೆಗೆಯುತ್ತಾ ಬರುತ್ತಾರೆ. ಭಾರ ಹಾಕುವುದು ಡಾಕ್ಟರು ಹೇಳಿದಾಗಲೇ. ಕುಕ್ಕರಗಾಲಲ್ಲಿ ಕೂತರೆ ಟೆಂಡನ್ ಪೂರ್ತಿ ಎಳೆಯುತ್ತದೆ, ಆದ್ದರಿಂದ ಕಮೋಡ್ ಕುರ್ಚಿ ಮೊದಲೇ ತಂದಿಡ್ರಿ. ಮೂರು ತಿಂಗಳ ಹೊತ್ತಿಗೆ ಎರಡೂ ಕಾಲಲ್ಲಿ ಹಿಮ್ಮಡಿ ಎತ್ತುವ ಕಸರತ್ತು, ನಾಲ್ಕೈದು ತಿಂಗಳಿಗೆ ಮೆಲ್ಲಗೆ ಓಟ. ಒಂದೇ ಕಾಲ ಮೇಲೆ ನಿಂತು ಇನ್ನೊಂದು ಕಾಲಿನಷ್ಟೇ ಎತ್ತರಕ್ಕೆ ಹಿಮ್ಮಡಿ ಎತ್ತುವ ತನಕ ಅಂಕಣಕ್ಕೆ ಇಳಿಸಬೇಡ್ರಿ. ಅದಕ್ಕೆ ಒಂಬತ್ತು ತಿಂಗಳು ಹಿಡಿದರೂ ಸಹಜವೇ.

ಹೈದರಾಬಾದಿಗೇ ಹೋಗುವುದಾದರೆ ತಪಾಸಣೆಗಾಗಿ ಪದೇಪದೇ ಕಾಲು ಇಳಿಬಿಟ್ಟು ಬಸ್ಸಿನಲ್ಲಿ ಕೂರಬೇಕಾಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಔಷಧಿ ಬೇಕಾ ಅಂತ ಮೊದಲೇ ಕೇಳಿಟ್ಟುಕೊಳ್ರಿ. ಮೀನಖಂಡ ಊದಿ ನೋಯತೊಡಗಿದರೆ, ಉಸಿರಾಡಲು ತ್ರಾಸಾದರೆ ಮುಂದಿನ ತಪಾಸಣೆಗೆ ಕಾಯದೆ ಆ ಹೊತ್ತಿಗೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ರಿ.