ಸಂಪಾದಕರ ಉತ್ತರ: ಇಬ್ಬರ ಮಾತೂ ನಿಜ

ಹಿರಿಯರಿಗೆ ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ಬಂದು ಹತ್ತು ದಿನವಾಯಿತು. ಉತ್ತರ ಬರೆಯಲು ಎರಡು ಸಲ ಕೂತೆ, ಎರಡು ಸಲವೂ ಎದ್ದುಬಿಟ್ಟೆ. ಒಂದೆರಡು ಸಾಲಲ್ಲಿ ಮುಗಿಸುವ ವಿಷಯವಲ್ಲ ಇದು.

ಕಳೆದ ಸಂಚಿಕೆಯಲ್ಲಿ ಹೆಸರು ಹಾಕದೆ ಒಬ್ಬ ಹೆಣ್ಣುಮಗಳ ಲೇಖನ ಪ್ರಕಟಿಸಿದ್ದೆವು. ದೊಡ್ಡ ಟೆಕ್ ಕಂಪನಿಯೊಂದರಲ್ಲಿ ಆರು ವರ್ಷ ದುಡಿದು, ನಿದ್ದೆ ಕಳಕೊಂಡು, ಕೊನೆಗೆ ಕೆಲಸ ಬಿಟ್ಟ ಕತೆ ಅದು. ನಿಮಗೆ ಅದನ್ನು ಓದಿ ಸಿಟ್ಟು ಬಂದಿದೆ. "ನನ್ನ ಮಗ ಅದೇ ಕಂಪನಿಯಲ್ಲಿರುವಂತೆ ಕಾಣುತ್ತದೆ. ಒಂಬತ್ತು ವರ್ಷದಲ್ಲಿ ಒಂದು ದಿನವೂ ದೂರಿಲ್ಲ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕು. ಅಷ್ಟು ಸಂಬಳ ತಗೊಂಡು ಅಳೋದು ಯಾಕೆ? ಹೆಸರು ಹೇಳಲು ಧೈರ್ಯ ಇಲ್ಲದವರ ಮಾತು ನಂಬೋದು ಹೇಗೆ?" ಎಂದು ಕೇಳಿದ್ದೀರಿ.

ಮೊದಲ ಪ್ರಶ್ನೆಗೆ ನನ್ನ ಅನುಭವವನ್ನೇ ಹೇಳುತ್ತೇನೆ. ಪತ್ರಿಕೆಗೆ ಬರುವ ಮುಂಚೆ ನಾನೂ ಏಳು ವರ್ಷ ಅಂಥದ್ದೊಂದು ಕಂಪನಿಯಲ್ಲಿದ್ದೆ. ನಾನು ಎಂಜಿನಿಯರ್ ಅಲ್ಲ. ಅವರು ಕಟ್ಟಿದ್ದನ್ನು ಹೇಗೆ ನಡೆಸಬೇಕು, ಕೆಟ್ಟರೆ ಹೇಗೆ ಸರಿ ಮಾಡಬೇಕು ಎಂದು ಬರೆದುಕೊಡುವ ಟೆಕ್ನಿಕಲ್ ರೈಟರ್.

ಒಂದು ಸಲ ನಾಲ್ಕನೇ ಹಂತವನ್ನು ಐದನೆಯದಾಗಿ, ಐದನೆಯದನ್ನು ನಾಲ್ಕನೆಯದಾಗಿ ಬರೆದುಬಿಟ್ಟಿದ್ದೆ. ರಾತ್ರಿ ಎರಡು ಗಂಟೆಗೆ ಆನ್-ಕಾಲ್‌ನಲ್ಲಿದ್ದ, ಅಂದರೆ ಏನಾದರೂ ಕೆಟ್ಟರೆ ಯಾವ ಹೊತ್ತಿನಲ್ಲಾದರೂ ಎದ್ದು ಸರಿ ಮಾಡುವ ಪಾಳಿಯಲ್ಲಿದ್ದ ಹುಡುಗ ನನ್ನ ಪುಟ ತೆರೆದು, ಅದರಲ್ಲಿದ್ದ ಹಾಗೇ ಮಾಡಿದ. ನಲವತ್ತು ನಿಮಿಷ ಸರ್ವಿಸ್ ಬಿದ್ದುಹೋಯಿತು. ಬೆಳಿಗ್ಗೆ ಮೀಟಿಂಗ್‌ಗೆ ಹೋಗುವಾಗ ನನಗೆ ಗಂಟಲಲ್ಲಿ ನೀರೂ ಇಳಿಯುತ್ತಿರಲಿಲ್ಲ. ಮ್ಯಾನೇಜರ್ ಬೋರ್ಡ್ ಮೇಲೆ ನಿಮಿಷ ನಿಮಿಷದ ಲೆಕ್ಕ ಬರೆದರು. ಅದರಲ್ಲಿ ಯಾರ ಹೆಸರೂ ಇರಲಿಲ್ಲ. "ನಾಲ್ಕನೇ ಹಂತ ಆಗದೆ ಐದನೆಯದು ಓಡೋಕೆ ನಮ್ಮ ಟೂಲ್ ಯಾಕೆ ಬಿಡ್ತು?" ಅನ್ನೋದೊಂದೇ ಅವರ ಪ್ರಶ್ನೆ. ಸಂಜೆಯೊಳಗೆ ಟೂಲ್ ಬದಲಾಯಿತು. ಲಿಫ್ಟ್ ಹತ್ತಿರ ಸಿಕ್ಕಾಗ, "ಇನ್ನು ಮುಂದೆ ಪುಟ ಹಾಕೋ ಮುಂಚೆ ಇನ್ನೊಬ್ಬರ ಕೈಲಿ ಓದಿಸಿ" ಎಂದಷ್ಟೇ ಹೇಳಿದರು. ಆ ಟೀಮಿನಲ್ಲಿ ನಾನು ಕಲಿತಷ್ಟು ಬೇರೆಲ್ಲೂ ಕಲಿತಿಲ್ಲ.

ಗೂಗಲ್ ತನ್ನದೇ 180ಕ್ಕೂ ಹೆಚ್ಚು ಟೀಮುಗಳನ್ನು ಅಧ್ಯಯನ ಮಾಡಿ, ಚೆನ್ನಾಗಿ ನಡೆಯುವ ಟೀಮುಗಳ ಗುಟ್ಟೇನು ಎಂದು ಹುಡುಕಿತ್ತು. ಪ್ರಾಜೆಕ್ಟ್ ಅರಿಸ್ಟಾಟಲ್ ಅಂತ ಅದಕ್ಕೆ ಹೆಸರು. ಟೀಮಿನಲ್ಲಿ ಯಾರ್ಯಾರಿದ್ದಾರೆ ಅನ್ನೋದಕ್ಕಿಂತ ಅವರು ಹೇಗೆ ಒಟ್ಟಿಗೆ ಕೆಲಸ ಮಾಡುತ್ತಾರೆ ಅನ್ನೋದೇ ಮುಖ್ಯ ಎಂದು ಗೊತ್ತಾಯಿತು. ತಪ್ಪಾದರೆ ಒಪ್ಪಿಕೊಳ್ಳಲು, ಗೊತ್ತಿಲ್ಲದ್ದನ್ನು ಕೇಳಲು ಭಯ ಇರಬಾರದು. ಎಲ್ಲಕ್ಕಿಂತ ಮೇಲೆ ನಿಂತದ್ದು ಇದು. ಅದನ್ನು ಓದಿದಾಗ ನನಗೆ ಆ ಬೋರ್ಡ್ ನೆನಪಾಯಿತು.

ಇದಾಗಿ ಎರಡು ವರ್ಷಕ್ಕೆ ಟೀಮುಗಳನ್ನು ಒಡೆದು ಮತ್ತೆ ಜೋಡಿಸಿದರು. ದೊಡ್ಡ ಕಂಪನಿಗಳಲ್ಲಿ ಇದು ಪದೇ ಪದೇ ಆಗುತ್ತದೆ. ನನ್ನ ಕುರ್ಚಿ ಒಂದು ಮಹಡಿ ಮೇಲೆ ಹೋಯಿತು, ಹೊಸ ಮ್ಯಾನೇಜರ್ ಬಂದರು, ನನ್ನ ಕೈಕೆಳಗೆ ಐದು ಜನರನ್ನು ಕೊಟ್ಟರು. ಹಾಗಾಗಿ ವರ್ಷದ ಕೊನೆಯ ಕ್ಯಾಲಿಬ್ರೇಷನ್ ಮೀಟಿಂಗ್‌ಗೆ ನಾನೂ ಹೋಗಬೇಕಾಯಿತು.

ನಿಮ್ಮ ಮಗನಿಗೆ ಈ ಪದ ಚೆನ್ನಾಗಿ ಗೊತ್ತಿರುತ್ತದೆ. ಮ್ಯಾನೇಜರ್‌ಗಳೆಲ್ಲ ಒಂದು ಕೋಣೆಯಲ್ಲಿ ಸೇರಿ, ಯಾರಿಗೆ ಯಾವ ರೇಟಿಂಗ್ ಅಂತ ತೀರ್ಮಾನ ಮಾಡುತ್ತಾರೆ. ಪರದೆಯ ಮೇಲೆ ಹೆಸರುಗಳ ಪಟ್ಟಿ. ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ. ಪಟ್ಟಿ ಮುಗಿದ ಮೇಲೆ, "ಕೆಳಗೆ ಇನ್ನೂ ಒಬ್ಬರು ಬೇಕು" ಅಂದರು. ನನ್ನ ಟೀಮಿನ ಒಬ್ಬಳು ಅಮ್ಮ ತೀರಿಕೊಂಡು ಮೂರು ತಿಂಗಳು ರಜೆಯಲ್ಲಿದ್ದಳು. ಅವಳು ಬಂದ ಮೇಲೆ ಮಾಡಿದ ಕೆಲಸ ಆ ಕೋಣೆಯಲ್ಲಿ ಯಾರೂ ನೋಡಿರಲಿಲ್ಲ. ನಾನು ಮಾತಾಡಿದೆ, ಆದರೆ ಸಾಕಾಗುವಷ್ಟು ಗಟ್ಟಿಯಾಗಿ ಮಾತಾಡಲಿಲ್ಲ. ಮೌಸ್ ಹಿಡಿದಿದ್ದವರು ಅವಳ ಹೆಸರನ್ನು ಎಳೆದು ಕೆಳಗಿನ ಖಾನೆಗೆ ಬಿಟ್ಟರು. ಇಡೀ ವರ್ಷದ ದುಡಿಮೆಗೆ ಮೂರು ನಿಮಿಷ. ಅವಳಿಗೆ ಮಾರನೆಯ ವಾರ ಅದನ್ನು ಹೇಳಬೇಕಾದವನು ನಾನೇ. ಅವಳು ಅಳಲಿಲ್ಲ. "ನಾನು ಏನು ಮಾಡಬೇಕಿತ್ತು ಹೇಳಿ" ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಎರಡು ಕೋಣೆಗಳೂ ಒಂದೇ ಕಂಪನಿಯವು, ಒಂದೇ ಕಟ್ಟಡದವು. ಕೆಳಗಿನ ಮಹಡಿಯಲ್ಲೇ ಉಳಿದವರು ಇವತ್ತಿಗೂ ಕಂಪನಿಯನ್ನು ಹೊಗಳುತ್ತಾರೆ, ಅದೂ ಮನಸಾರೆ.

"ಕೆಳಗೆ ಇನ್ನೊಬ್ಬರು ಬೇಕು" ಅನ್ನುವ ಪದ್ಧತಿ ಹೊಸದೇನಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥರಾಗಿದ್ದ ಜ್ಯಾಕ್ ವೆಲ್ಚ್ ಇದನ್ನು ಹೆಸರುವಾಸಿ ಮಾಡಿದರು. ಮೇಲಿನ 20, ನಡುವಿನ 70, ಕೆಳಗಿನ 10 ಎಂದು ಶೇಕಡಾವಾರು ಭಾಗ ಮಾಡುವುದು. ಮೈಕ್ರೋಸಾಫ್ಟ್‌ನಲ್ಲೂ ಇಂಥದ್ದೇ ಒಂದು ಲೆಕ್ಕ ವರ್ಷಗಟ್ಟಲೆ ನಡೆಯಿತು. ಟೀಮಿನಲ್ಲಿ ಎಲ್ಲರೂ ಚೆನ್ನಾಗಿ ಮಾಡಿದ್ದರೂ ಯಾರಾದರೂ ಕೆಳಗೆ ಹೋಗಲೇಬೇಕು. ಆಗ ಏನಾಗುತ್ತದೆ? ಪಕ್ಕದಲ್ಲಿ ಜಾಣರು ಕೂತರೆ ಭಯ ಶುರುವಾಗುತ್ತದೆ. ಪಕ್ಕದವರಿಗೆ ಸಹಾಯ ಮಾಡಿದರೆ ತನಗೇ ನಷ್ಟ. 2013ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟೇ ಅದನ್ನು ಕೈಬಿಟ್ಟಿತು. ಅಂದರೆ 2010ರಲ್ಲಿ ಅಲ್ಲಿ ದುಡಿದವರ ಕತೆಯೂ 2016ರಲ್ಲಿ ದುಡಿದವರ ಕತೆಯೂ ಹೊಂದದೇ ಇರಬಹುದು. ಅದಕ್ಕೇ, ಯಾರಾದರೂ ಕಂಪನಿಯನ್ನು ಹೊಗಳಿದರೂ ಬೈದರೂ ನಾನು ಮೊದಲು ಕೇಳೋದು: ಯಾವ ಟೀಮು, ಯಾವ ವರ್ಷ, ಮ್ಯಾನೇಜರ್ ಎಷ್ಟು ಸಲ ಬದಲಾದರು?

ಇನ್ನೂ ಒಂದು ಕೇಳುತ್ತೇನೆ: ಯಾವ ಬ್ಯಾಡ್ಜ್? ಅದೇ ಕಟ್ಟಡದಲ್ಲಿ ಅದೇ ಕೆಲಸ ಮಾಡುವವರಲ್ಲಿ ಕೆಲವರು ಕಾಯಂ, ಕೆಲವರು ಕಾಂಟ್ರಾಕ್ಟ್. ಕುತ್ತಿಗೆಯಲ್ಲಿ ನೇತಾಡುವ ಕಾರ್ಡಿನ ಬಣ್ಣವೇ ಬೇರೆ. 1990ರ ದಶಕದಲ್ಲಿ ಮೈಕ್ರೋಸಾಫ್ಟ್‌ನ ತಾತ್ಕಾಲಿಕ ನೌಕರರು, ವರ್ಷಗಟ್ಟಲೆ ದುಡಿದರೂ ಕಾಯಂ ನೌಕರರ ಸೌಲಭ್ಯ ಸಿಗಲಿಲ್ಲ ಎಂದು ಕೋರ್ಟಿಗೆ ಹೋದರು. 2000ದಲ್ಲಿ ಕಂಪನಿ 9.7 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಗೂಗಲ್‌ನಲ್ಲಿ 2019ರ ಮಾರ್ಚ್ ಹೊತ್ತಿಗೆ ತಾತ್ಕಾಲಿಕ ಮತ್ತು ಕಾಂಟ್ರಾಕ್ಟ್ ಕೆಲಸಗಾರರು ಸುಮಾರು 1,21,000 ಇದ್ದರು, ಕಾಯಂ ನೌಕರರು ಸುಮಾರು 1,02,000. ಇಷ್ಟೊಂದು ಜನರ ಅನುಭವ ಪತ್ರಿಕೆಗಳಲ್ಲಿ ಬರೋದೇ ಕಮ್ಮಿ. ಅದು ನಮ್ಮ ತಪ್ಪೂ ಹೌದು.

ಸಂಬಳದ ಮಾತಿಗೆ ಬರೋಣ. ಸಂಬಳ ಜಾಸ್ತಿ, ನಿಜ. ಅದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಆದರೆ ಆ ದೊಡ್ಡ ಮೊತ್ತದಲ್ಲಿ ಒಂದು ಪಾಲು ಷೇರು. ಅದು ಒಟ್ಟಿಗೆ ಸಿಗಲ್ಲ, ಸಾಮಾನ್ಯವಾಗಿ ನಾಲ್ಕು ವರ್ಷದಲ್ಲಿ ಕಂತು ಕಂತಾಗಿ ಕೈಸೇರುತ್ತದೆ. ಅಮೆಜಾನ್‌ನಲ್ಲಿ ಬಹಳ ವರ್ಷ ಇದ್ದ ಲೆಕ್ಕ ಹೀಗೆ: ಮೊದಲ ವರ್ಷ ಶೇ. 5, ಎರಡನೇ ವರ್ಷ ಶೇ. 15, ಆಮೇಲಿನ ಎರಡು ವರ್ಷ ತಲಾ ಶೇ. 40. ಎರಡು ವರ್ಷಕ್ಕೆ ಬೇಸತ್ತು ಬಿಟ್ಟವರಿಗೆ ಸಿಕ್ಕಿದ್ದು ಐದರಲ್ಲಿ ಒಂದು ಪಾಲು ಅಷ್ಟೇ. ಹಾಗಾಗಿ ಎಷ್ಟೋ ಜನ ಹಲ್ಲು ಕಚ್ಚಿಕೊಂಡು "ಇನ್ನೊಂದು ಕಂತು ಬರಲಿ" ಅಂತ ದಿನ ಎಣಿಸುತ್ತಾರೆ. ದುಡ್ಡು ಬಂದ ಮಾತ್ರಕ್ಕೆ ಮೈಗೆ ಆಯಾಸ ಆಗದೆ ಇರುತ್ತಾ? ರಾತ್ರಿ ಮೂರಕ್ಕೆ ಫೋನ್ ಕಿರುಚಿದರೆ ಎದೆ ಹೊಡೆದುಕೊಳ್ಳೋದು ಎಲ್ಲರಿಗೂ ಒಂದೇ ಥರ.

ಕೆಲಸ ಗಟ್ಟಿ ಅಂತೀರಾ? 2023ರ ಜನವರಿಯಲ್ಲಿ ಗೂಗಲ್ 12,000, ಮೈಕ್ರೋಸಾಫ್ಟ್ 10,000, ಅಮೆಜಾನ್ 18,000ಕ್ಕೂ ಹೆಚ್ಚು ಹುದ್ದೆ ತೆಗೆಯುವುದಾಗಿ ಹೇಳಿದವು. ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾ ಅದಕ್ಕೆ ಎರಡು ತಿಂಗಳ ಮುಂಚೆಯೇ 11,000 ಜನರನ್ನು ಕಳಿಸಿತ್ತು. ಎಷ್ಟೋ ಜನಕ್ಕೆ ವಿಷಯ ತಿಳಿದದ್ದು ಒಂದು ಇಮೇಲ್‌ನಿಂದ. ಅಮೆರಿಕದಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾ ಮೇಲಿರುವವರಿಗೆ ಕೆಲಸ ಹೋದರೆ, ಇನ್ನೊಂದು ಹುಡುಕಲು ಹೆಚ್ಚೆಂದರೆ 60 ದಿನ. ಸಾಲ, ಮಕ್ಕಳ ಶಾಲೆ, ಮನೆ, ಎಲ್ಲವೂ ಆ 60 ದಿನದ ಮೇಲೆ ನಿಂತಿರುತ್ತದೆ.

ಇನ್ನು ಹೆಸರು ಯಾಕಿಲ್ಲ ಅನ್ನೋದು. ಸೇರುವಾಗ ಗೋಪ್ಯತೆಯ ಕಾಗದಕ್ಕೆ ಸಹಿ ಹಾಕಿರುತ್ತಾರೆ. ಬಿಡುವಾಗ ಪರಿಹಾರದ ಹಣ ಬೇಕಾದರೆ, ಕಂಪನಿಯ ಬಗ್ಗೆ ಕೆಟ್ಟದ್ದು ಮಾತಾಡಲ್ಲ ಅನ್ನುವ ಕಾಗದಕ್ಕೂ ಬಹಳ ಕಡೆ ಸಹಿ ಹಾಕಬೇಕು. ಕಿರುಕುಳ, ತಾರತಮ್ಯದ ಬಗ್ಗೆಯಾದರೂ ಜನ ಬಾಯಿ ಬಿಡಲಿ ಅಂತ ಕ್ಯಾಲಿಫೋರ್ನಿಯಾದಲ್ಲಿ ಕಾನೂನನ್ನೇ ಬದಲಾಯಿಸಬೇಕಾಯಿತು. ಅದು ಜಾರಿಯಾದದ್ದು 2022ರ ಜನವರಿ 1ರಿಂದ. ನಮ್ಮ ಲೇಖಕಿ ಯಾರೆಂದು ನನಗೆ ಗೊತ್ತು. ಅವರ ಜೊತೆ ಮೂರು ಸಲ ಕೂತು ಮಾತಾಡಿದ್ದೇನೆ. ಅವರು ಮುಂದೆ ಇನ್ನೊಂದು ಕಡೆ ಕೆಲಸ ಹುಡುಕಬೇಕು. ಹೆಸರು ಹಾಕಬೇಡಿ ಅಂದದ್ದಕ್ಕೆ ಅವರಲ್ಲಿ ಧೈರ್ಯ ಇಲ್ಲ ಅಂತ ಅರ್ಥವಲ್ಲ. ಬರೆದದ್ದೇ ದೊಡ್ಡ ಧೈರ್ಯ.

ನಿಮ್ಮ ಮಗ ಒಂಬತ್ತು ವರ್ಷದಲ್ಲಿ ದೂರಿಲ್ಲ ಅಂದಿರಿ. ಒಳ್ಳೆಯ ಟೀಮು ಸಿಕ್ಕಿರಬಹುದು. ಹಾಗಾಗಿದ್ದರೆ ನನಗೂ ಖುಷಿ. ಆದರೆ ಒಂದು ಮಾತು. ಆ ಕ್ಯಾಲಿಬ್ರೇಷನ್ ಆದ ರಾತ್ರಿ ನನ್ನ ಅಪ್ಪನ ಫೋನ್ ಬಂದಿತ್ತು. "ಹೇಗಿದೆಯಪ್ಪಾ ಕೆಲಸ?" ಅಂದರು. "ಚೆನ್ನಾಗಿದೆ" ಅಂದೆ. ಅಪ್ಪ ಬೇರೆ ಏನಾದರೂ ಕೇಳಿದ್ದರೆ ಬಹುಶಃ ಹೇಳಿಬಿಡುತ್ತಿದ್ದೆ. ನೀವು ಮುಂದಿನ ಸಲ ಫೋನ್ ಮಾಡಿದಾಗ, "ಈ ವಾರ ನಿನ್ನದು ಆನ್-ಕಾಲಾ? ಮ್ಯಾನೇಜರ್ ಅವರೇ ಇದ್ದಾರಾ, ಬದಲಾದರಾ?" ಅಂತ ಕೇಳಿ ನೋಡಿ. ನಿಮಗೆ ಇಷ್ಟೆಲ್ಲಾ ಗೊತ್ತಿದೆ ಅಂತ ತಿಳಿದರೆ ಅವರು ಮಾತಾಡಬಹುದು.

ನಿಮ್ಮ ಪತ್ರವನ್ನು ಒಂದಕ್ಷರವೂ ಬಿಡದೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತಿದ್ದೇವೆ. ಅದರ ಪಕ್ಕದಲ್ಲಿ, ಹನ್ನೊಂದು ವರ್ಷ ಕಾಂಟ್ರಾಕ್ಟ್ ಬ್ಯಾಡ್ಜ್ ಹಾಕಿಕೊಂಡು ದುಡಿದ ಒಬ್ಬರ ಬರಹ ಇರುತ್ತದೆ. ಅದನ್ನೂ ಓದಿ, ಮತ್ತೆ ಬರೆಯಿರಿ. ಮಗ ಬರೆಯುತ್ತೇನೆಂದರೆ ಇನ್ನೂ ಸಂತೋಷ. ಹೆಸರು ಹಾಕಬೇಕೋ ಬೇಡವೋ ಅವರಿಷ್ಟ.

ನಿಮ್ಮ,
ಸಂಪಾದಕ