ಹುತ್ತರಿ ಕಳೆದ ಮೇಲೆ ಬರುವ ಅನುದಾನ

ಸಂಸ್ಥೆಗಳ ಅನುದಾನದ ಬಗೆಗಿನ ಈ ಅಂಕಣಕ್ಕೆ ಪ್ರತಿ ಬಾರಿಯೂ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ‘ಅರ್ಜಿಯ ಒಳ್ಳೆಯ ನಮೂನೆ ಇದ್ದರೆ ಕಳುಹಿಸಿ’ ಎಂದೇ ಕೇಳುತ್ತವೆ. ನನ್ನ ಬಳಿ ಅಂಥ ನಮೂನೆ ಇಲ್ಲ, ಇದ್ದರೂ ಕೊಡುವುದಿಲ್ಲ. 12ಎ, 80ಜಿ, ದರ್ಪಣ್ ಸಂಖ್ಯೆ, ಸಿಎಸ್‌ಆರ್-1 ಎಂಬ ತೆರಿಗೆ, ನೋಂದಣಿ ಕಾಗದಗಳ ಬಗ್ಗೆ ಕೇಳುವವರು ದಯವಿಟ್ಟು ತಮ್ಮ ಲೆಕ್ಕಪರಿಶೋಧಕರನ್ನು ಕಾಣಲಿ.

ಪ್ರಶ್ನೆ: ಕೊಡಗಿನ ವಿರಾಜಪೇಟೆ ತಾಲ್ಲೂಕಿನಲ್ಲಿ ನಮ್ಮ ಟ್ರಸ್ಟ್ ನಾಲ್ಕು ವರ್ಷಗಳಿಂದ ನಡೆಯುತ್ತಿದೆ. ಪಾಳುಬಿದ್ದ ಗದ್ದೆಗಳಲ್ಲಿ ಸಣ್ಣಕ್ಕಿ ಬೆಳೆಸಿ ಹೋಂಸ್ಟೇಗಳಿಗೆ ನೇರವಾಗಿ ಮಾರುವ ಯೋಜನೆಗೆ ಮೂರು ಕಂಪನಿಗಳಲ್ಲಿ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ನೆರವು ಕೇಳಿದೆವು. ಎರಡು ನಿರಾಕರಿಸಿದವು, ಒಂದು ಉತ್ತರಿಸಲೇ ಇಲ್ಲ. ತಪ್ಪೆಲ್ಲಿ?

ಉತ್ತರ: ನೀವು ಲಗತ್ತಿಸಿದ ಹದಿನೆಂಟು ಪುಟಗಳನ್ನು ಓದಿದೆ. ಭಾಷೆ ಚೆನ್ನಾಗಿದೆ, ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆಯ) ಚಿತ್ರವೂ ಚೆನ್ನಾಗಿದೆ. ಆದರೆ ನಲವತ್ತೆರಡು ರೈತರ ಪಟ್ಟಿಯ ಮುಂದೆ ಇರುವ ಪಹಣಿಗಳಲ್ಲಿ ಹನ್ನೊಂದಕ್ಕೆ ಮಾತ್ರ ಹೆಸರು ತಾಳೆಯಾಗುತ್ತದೆ. ಉಳಿದವು ಜಮ್ಮಾ, ಅಂದರೆ ಒಕ್ಕಕ್ಕೆ (ಕೊಡವ ಮನೆತನಕ್ಕೆ) ವಂಶಪಾರಂಪರ್ಯವಾಗಿ ಬಂದ ಹಿಡುವಳಿಗಳು. ಅಲ್ಲಿ ಒಕ್ಕದ ಪಟ್ಟೇದಾರರ (ಯಜಮಾನರ), ಕೆಲವೆಡೆ ಎಂದೋ ತೀರಿಕೊಂಡ ಹಿರಿಯರ ಹೆಸರಿದೆ. ಇದು ನಮಗೆ ನಿತ್ಯದ ಸಂಗತಿ. ಮುಂಬೈಯಲ್ಲಿ ಕುಳಿತು ಕಡತ ನೋಡುವ ಅಧಿಕಾರಿಗೆ ಮಾತ್ರ ಇದು ಸುಳ್ಳು ಫಲಾನುಭವಿಗಳ ಪಟ್ಟಿಯಂತೆ ಕಾಣುತ್ತದೆ, ಅವರು ನಿಮಗೆ ಫೋನು ಮಾಡಿ ವಿಚಾರಿಸುವ ಗೋಜಿಗೂ ಹೋಗುವುದಿಲ್ಲ. ಜಮ್ಮಾ ಎಂದರೇನೆಂದು ಅರ್ಜಿಯ ಎರಡನೆಯ ಪುಟದಲ್ಲಿಯೇ ಆರು ಸಾಲುಗಳಲ್ಲಿ ವಿವರಿಸಿ, ಯಾವ ಗದ್ದೆಯನ್ನು ಒಕ್ಕದ ಯಾರು ಸಾಗುವಳಿ ಮಾಡುತ್ತಿದ್ದಾರೆಂದು ಒಕ್ಕದ ಹಿರಿಯರ ಸಹಿಯಿರುವ ಹೇಳಿಕೆಯನ್ನು ಸರ್ವೆ ನಂಬರಿನೊಂದಿಗೆ ಜೋಡಿಸಿ.

ಎರಡನೆಯ ತಪ್ಪು ಕಾಲದ್ದು. ಕಂಪನಿಯ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ನಮ್ಮ ಗದ್ದೆಯ ವರ್ಷ ಮಳೆ ಹಿಡಿದಾಗ ಸಸಿಮಡಿಯಿಂದ ಶುರುವಾಗಿ, ಮಳೆಗಾಲದ ಕಕ್ಕಡ ತಿಂಗಳ ನಾಟಿ ದಾಟಿ, ಸುಗ್ಗಿಹಬ್ಬ ಹುತ್ತರಿಯ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ನೀವು ಆಗಸ್ಟ್‌ನಲ್ಲಿ ಅರ್ಜಿ ಹಾಕಿ ಹನ್ನೆರಡು ತಿಂಗಳ ಯೋಜನೆ ಎಂದು ಬರೆದಿದ್ದೀರಿ. ಮಂಜೂರಾಗಿದ್ದರೂ ಹಣ ಕೈಸೇರುವಾಗ ಕದಿರು ಮನೆಗೆ ಬಂದಿರುತ್ತಿತ್ತು. ನಾನು ಬಲ್ಲ ಒಂದು ಸಂಸ್ಥೆಗೆ ಹೀಗೆಯೇ ಡಿಸೆಂಬರ್‌ನಲ್ಲಿ ಹಣ ಬಂತು. ಮಾರ್ಚ್ ಒಳಗೆ ಖರ್ಚು ತೋರಿಸಬೇಕೆಂಬ ಒತ್ತಡದಲ್ಲಿ ಅವರು ಎರಡು ಪವರ್ ಟಿಲ್ಲರ್ ಕೊಂಡರು. ಅವುಗಳಲ್ಲಿ ಒಂದು ಇಂದಿಗೂ ಕಾಫಿ ಕಣದ ಮೂಲೆಯಲ್ಲಿ ನೀಲಿ ಟಾರ್ಪಾಲಿನ ಕೆಳಗಿದೆ, ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿಲ್ಲ.

ಇದಕ್ಕೆ ಕಾನೂನಿನಲ್ಲಿಯೇ ದಾರಿಯಿದೆ. ಕಂಪನಿಯ ಆಡಳಿತ ಮಂಡಳಿಯು ನಿಮ್ಮ ಕೆಲಸವನ್ನು ‘ಮುಂದುವರಿಯುವ ಯೋಜನೆ’ ಎಂದು ಅಂಗೀಕರಿಸಿದರೆ, ಆರಂಭದ ವರ್ಷವನ್ನು ಬಿಟ್ಟು ಮೂರು ವರ್ಷಗಳವರೆಗೆ ಅದನ್ನು ನಡೆಸಬಹುದು. ಖರ್ಚಾಗದ ಹಣವನ್ನು ಕಂಪನಿಯು ವರ್ಷಾಂತ್ಯದ 30 ದಿನಗಳೊಳಗೆ ಪ್ರತ್ಯೇಕ ಖಾತೆಗೆ ಹಾಕಿ ಉಳಿಸಿಕೊಳ್ಳುತ್ತದೆ. ಹಾಗೆ ಅಂಗೀಕರಿಸದಿದ್ದರೆ ಉಳಿದ ಹಣ ಆರು ತಿಂಗಳೊಳಗೆ ಸರ್ಕಾರ ಸೂಚಿಸಿರುವ ನಿಧಿಗಳಿಗೆ ಹೋಗುತ್ತದೆ, ಗದ್ದೆಗೆ ಬರುವುದಿಲ್ಲ. ಆದ್ದರಿಂದ ಅರ್ಜಿಯನ್ನು ಜನವರಿಯಲ್ಲಿಯೇ ಕೊಡಿ, ಎರಡು ಬೆಳೆಯ ಅವಧಿ ಕೇಳಿ, ಮೊದಲ ಕಂತು ಮೇ ತಿಂಗಳಿನಲ್ಲಿ ಬೇಕೆಂದು ಕಾರಣ ಸಹಿತ ಬರೆಯಿರಿ.

ಇನ್ನು ನಿಮ್ಮ ಬಜೆಟ್ಟು. ಹನ್ನೆರಡು ಲಕ್ಷದ ಶೀತಲ ವಾಹನವನ್ನು ಕೇಳಿದ್ದೀರಿ. ಅಕ್ಕಿಗೆ ಶೀತಲ ವಾಹನವೇ? ಕಳೆದ ವರ್ಷ ಎಷ್ಟು ಕ್ವಿಂಟಲ್ ಮಾರಿದಿರಿ, ಯಾವ ಹೋಂಸ್ಟೇ ಯಾವ ದರ ಕೊಟ್ಟಿತು, ಎಷ್ಟು ದಿನಕ್ಕೆ ಹಣ ಬಂತು ಎಂಬುದು ಹದಿನೆಂಟು ಪುಟಗಳಲ್ಲಿ ಎಲ್ಲಿಯೂ ಇಲ್ಲ. ನಿಮ್ಮ ಬಳಿ ತೂಕದ ಚೀಟಿಗಳಿದ್ದರೆ ಅವುಗಳ ಪ್ರತಿಯನ್ನು ಐನ್‌ಮನೆಯ ಚಿತ್ರವಿದ್ದ ಜಾಗದಲ್ಲಿ ಹಾಕಿ. ಇಲ್ಲದಿದ್ದರೆ ಒಂದು ಹಂಗಾಮು ಸ್ವಂತ ಖರ್ಚಿನಲ್ಲಿ ಹತ್ತು ಮನೆಗಳ ಅಕ್ಕಿಯನ್ನು ಮಾರಿ, ಆಮೇಲೆ ನನಗೆ ಬರೆಯಿರಿ.

ಪ್ರಶ್ನೆ: ವಿದೇಶಿ ದೇಣಿಗೆ ಕೊಡಿಸುತ್ತೇನೆ, ಒಂದೂವರೆ ಲಕ್ಷ ಮುಂಗಡ, ಬಂದದ್ದರಲ್ಲಿ ಶೇ 10 ಕಮಿಷನ್ ಎಂದು ಸಲಹೆಗಾರರೊಬ್ಬರು ಹೇಳುತ್ತಿದ್ದಾರೆ. ನಮ್ಮ ಸಂಸ್ಥೆಗೆ ಒಂದು ವರ್ಷ ತುಂಬಿದೆ.

ಉತ್ತರ: ಅವರಿಗೆ ಕಾಫಿಯನ್ನೂ ಕೊಡದೆ ಕಳುಹಿಸಿ. ವಿದೇಶಿ ದೇಣಿಗೆಯ ಕಾನೂನಾದ ಎಫ್‌ಸಿಆರ್‌ಎ ಅಡಿ ನೋಂದಣಿಗೆ ಸಂಸ್ಥೆಗೆ ಮೂರು ವರ್ಷವಾಗಿರಬೇಕು, ಆ ಮೂರು ವರ್ಷಗಳಲ್ಲಿ ಉದ್ದೇಶಿತ ಕೆಲಸಕ್ಕೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚಾಗಿರಬೇಕು. ಕಮಿಷನ್ ಮೇಲೆ ಅನುದಾನ ತರುವವರನ್ನು ನಾನು ಇಷ್ಟು ವರ್ಷ ನೋಡಿದ್ದೇನೆ. ಅವರು ತಂದದ್ದು ರಸೀದಿಯಿಲ್ಲದ ಖರ್ಚನ್ನು ಮಾತ್ರ.

ಪ್ರಶ್ನೆ: ಬೆಂಗಳೂರಿನ ದೊಡ್ಡ ಸಂಸ್ಥೆಯೊಂದು ತನ್ನ ವಿದೇಶಿ ನಿಧಿಯಲ್ಲಿ ನಮಗೂ ಪಾಲು ಕೊಡುತ್ತದಂತೆ.

ಉತ್ತರ: ಎಫ್‌ಸಿಆರ್‌ಎಗೆ 2020ರಲ್ಲಿ ಬಂದ ತಿದ್ದುಪಡಿಯ ನಂತರ ಹಾಗೆ ವರ್ಗಾಯಿಸುವುದು ನಿಷಿದ್ಧ.

ಪ್ರಶ್ನೆ: ನಾವು ರೈತ ಉತ್ಪಾದಕರ ಕಂಪನಿ ಮಾಡಿಸಿದರೆ ಅದರ ಷೇರು ಬಂಡವಾಳಕ್ಕೆ ಸರ್ಕಾರ ಕೊಡುವ ಅನುದಾನ ಟ್ರಸ್ಟಿಗೆ ಬರುತ್ತದೆಯೇ?

ಉತ್ತರ: ಇಲ್ಲ. 2020ರ ಕೇಂದ್ರ ಯೋಜನೆಯಲ್ಲಿ ಸದಸ್ಯನೊಬ್ಬನಿಗೆ 2,000 ರೂಪಾಯಿಯವರೆಗೆ, ಒಟ್ಟು 15 ಲಕ್ಷ ಮೀರದಂತೆ ಕೊಡುವ ಆ ಹಣ ರೈತರ ಕಂಪನಿಯದು.

ಪ್ರಶ್ನೆ: ಕಾಚಂಪುಳಿ (ಅಡುಗೆಗೆ ಬಳಸುವ ಹಣ್ಣಿನ ಕಪ್ಪು ಹುಳಿ) ತಯಾರಿಕೆಗೆ ಶೇ 35 ಉಚಿತ ಅನುದಾನವಿದೆ ಎಂದು ಕೇಳಿದೆವು.

ಉತ್ತರ: ಉಚಿತ ಎಂದವರು ಯಾರು? ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ ಇರುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯದು ಬ್ಯಾಂಕ್ ಸಾಲಕ್ಕೆ ಜೋಡಿಸಿದ ಸಹಾಯಧನ, ಒಂದು ಘಟಕಕ್ಕೆ 10 ಲಕ್ಷ ಮಿತಿ. ಬ್ಯಾಂಕು ಸಾಲ ಕೊಡದಿದ್ದರೆ ಅದೂ ಇಲ್ಲ.